ನೆಲ ತಟ್ಟದ ಕೈ

ಜಪಾನಿನ ಒಂದು ಕುಸ್ತಿಯನ್ನೂ ನಾನು ನೋಡದೆ ಬಿಟ್ಟವನಲ್ಲ, ಹುಟ್ಟುವ ಮೊದಲಿನವನ್ನೂ ಸೇರಿಸಿ. ಮೂಳೆ ವೈದ್ಯರಲ್ಲಿ ಕಾಯುವಾಗ ಪಕ್ಕದಲ್ಲಿ ಇಬ್ಬರು ಹಳೆಯ ಜಟ್ಟಿಗಳು ಫೋನಿನಲ್ಲಿ ತಮ್ಮದೇ ಪಂದ್ಯ ನೋಡುತ್ತಿದ್ದರು. ಊರುಗೋಲಿನವರು ಮೊರಿವಾಕಿ, ಆ ಪಂದ್ಯದಲ್ಲಿ ಅವರ ಮಂಡಿಯನ್ನು ಮುರಿದವರು ನಗಾತೋಮೊ.

"ನೀನು ಸೋಲೋದು ಅಂತ ಮೊದ್ಲೇ ಮಾತಾಗಿತ್ತಲ್ಲೋ. ಸೋತೆ ಅಂತ ನೆಲ ತಟ್ಟಿದ್ರೆ ಕಾಲು ಬಿಡ್ತಿದ್ದೆ," ಎಂದರು ನಗಾತೋಮೊ.

"ಜನ ನಿಜ ಅಂತ ನಂಬಿ ಉಸಿರು ಬಿಗಿಹಿಡಿದಿದ್ರು. ಬೇಗ ತಟ್ಟೋಕೆ ಮನಸ್ಸಾಗ್ಲಿಲ್ಲ."

"ತಟ್ತೀಯ ಅಂತ ಕಾಯ್ತಾ ನಾನು ತಿರುಚ್ತಾನೇ ಇದ್ದೆ ಕಣೋ."

"ನಾನೂ ಮುಂದಿನ ಸಾಲಲ್ಲಿದ್ದೆ ಸರ್. ಮಂಡಿ ಮುರಿದ ಸದ್ದು ಬೀದಿಗೂ ಕೇಳಿಸ್ತು," ಎಂದೆ.

"ಸದ್ದೇ ಆಗ್ಲಿಲ್ಲ," ಎಂದರು ನಗಾತೋಮೊ. "ಆಗಿದ್ರೆ ಬಿಟ್ಬಿಡ್ತಿದ್ದೆ."

ನರ್ಸ್ ಕರೆದರು. ನಗಾತೋಮೊ ಹೆಗಲು ಕೊಟ್ಟು ಗೆಳೆಯನನ್ನು ಎಬ್ಬಿಸಿದರು.

"ಬಾಡಿಗೆ ವಿಡಿಯೊ ಕ್ಯಾಸೆಟ್ಟಲ್ಲಿ ನೋಡಿದ್ದು ಸರ್," ಎಂದು ಅವರ ಬೆನ್ನಿಗೆ ಒಪ್ಪಿಕೊಂಡೆ. "ಆದ್ರೆ ನಿಜ ಅಂತಲೇ ನಂಬಿದ್ದೆ."