ಲವಿನಕ್ಕನ ಸನ್ಮಾನದ ದಿನ

...ಅಲ್ಲಾಡಬ್ಯಾಡ ಅಂದ್ನೆಲ್ಲ ಅಕ್ಕಾ! ಪಿನ್ನು ಚುಚ್ಚತೈತಿ. ಹಾಂ, ಹಂಗ ನಿಂದ್ರು. ಹದಿನೆಂಟು ವರ್ಷ ಈ ಹಬ್ಬ ನಡಿಸಿದಾಕಿ ನೀ. ಇವತ್ತು ಸನ್ಮಾನ ಮಾಡಿಸ್ಕೊಂಡು ಹಬ್ಬ ಬಿಟ್ಟು ಹೊಂಟಾಕಿ. ನೆರಿಗಿ ನೆಟ್ಟಗ ಬ್ಯಾಡೇನು? ಹೊರಗ ನಾಕುನೂರು ಮಂದಿ ಕುಂತಾರ. ಸುಡಾನಿನವರು, ಇಥಿಯೋಪಿಯಾದವರು, ಘಾನಾದವರು... ಮುಂದಿನ ಸಾಲಿನ್ಯಾಗ ನಮ್ಮ ಸಿದ್ದಿ ಮಂದಿ. ದುಬೈದಾಗಿನ ಕಪ್ಪು ಮಂದಿಯೆಲ್ಲ ಲವಿನಕ್ಕನ ಸಲುವಾಗಿ ಬಂದಾರ!

ಯಾಕ ನಗಾಕತ್ತಿ? ಈ ಎಲ್ಸಿ ನಿನಗ ಸೀರಿ ಉಡಿಸಾಕತ್ತಾಳಂತ?

ನಾನ ಕೇಳಿ ಪಡದೀನಿ ಈ ಕೆಲಸ. ಸೀರಿ ಉಡಿಸೋದೂ, ಸ್ಟೇಜಿನ ಮ್ಯಾಲ ಅಭಿನಂದನೆ ಮಾತಾಡೋದೂ. ಕಮಿಟಿಯ ಖೈರುನ್ನಿಸ ಎಷ್ಟು ಖುಷಿಯಾದ್ಲು! "ಹಳೇದೆಲ್ಲ ಮರತಿ, ಚಲೋ ಆತು ಎಲ್ಸಿ" ಅಂದ್ಲು. ಮರತೀನಂತ ನಾನು... ಮರತೀನಂತ! ಆಕಿಗೇನು ಗೊತ್ತು. ಆದ್ರ ನಿನಗ ಗೊತ್ತೈತಿ. ಗೊತ್ತಿದ್ದೂ "ಎಲ್ಸಿನ ಮಾತಾಡಲಿ" ಅಂದಿಯಂತ. ಯಾಕಂದಿ?

ಹೋಗಲಿ. ನಾ ಏನ್ ಹೇಳ್ತೀನಿ ಅಂತ ಮೊದಲು ನೀನ ಕೇಳು. ಶುರುವಿಗೆ ಹೊಗಳ್ತೀನಿ. ಹಳಿಯಾಳದ ಕಡಿಯಾಕಿ, ದುಬೈದ ದೇರಾದಾಗಿನ ಕ್ಲಿನಿಕ್ಕಿಗೆ ನರ್ಸ್ ಆಗಿ ಬಂದ್ಲು. ಒಂದಿನ ಬಸ್ಸಿನ್ಯಾಗ ಒಬ್ಬ ಸುಡಾನಿ ಮುದುಕಿ ಈಕಿನ್ನ ತನ್ನ ಊರಾಕಿ ಅಂತ ತಿಳಕೊಂಡು ಅರಬ್ಬಿಯೊಳಗ ಸುಖದುಃಖ ಹೇಳಕೊಂಡ್ಲು. ಒಂದಕ್ಷರ ತಿಳೀದಿದ್ರೂ ಈಕಿ ಕೈ ಹಿಡದು ಕೇಳಿದ್ಲು. ಅದರಿಂದ ಕಪ್ಪು ಮಂದಿಯೆಲ್ಲ ಕೂಡೂ ಈ ಹಬ್ಬ ಹುಟ್ತು ಅಂತೀನಿ. ಮಂದಿ ಚಪ್ಪಾಳಿ ತಟ್ತಾರ. ತಟ್ಟಲಿ. ಚಪ್ಪಾಳಿ ನಿಲ್ಲಾತನಕ ಕಾಯ್ತೀನಿ. ಆಮ್ಯಾಲ ಹೇಳ್ತೀನಿ... ನಮ್ಮವ್ವ ಜೀವ ಬಿಡೂ ಹೊತ್ತಿನ್ಯಾಗ ನನ್ನ ಫೋನ್ ಬಂದ್ ಮಾಡಿ ಇಟ್ಟಾಕಿ ಈಕಿನ ಅಂತ!

ಕೈ ಎತ್ತು. ಸೆರಗು ಹಾಕಬೇಕು.

ಆರು ವರ್ಷ ಆತಕ್ಕಾ. ಆರು ವರ್ಷ! ಆವತ್ತೂ ಇದ ಹಬ್ಬ. ಅಬುಧಾಬಿಯಿಂದ ದೊಡ್ಡ ಮಂದಿ ಬಂದಿದ್ರು. ನಮ್ಮ ಸಿದ್ದಿ ಮಂದಿಯ ದಮಾಮಿ ಡೋಲಿನ ಕುಣಿತಕ್ಕ ಮೊದಲನೇ ಸಲ ನಾ ಮುಂದ. ಮೂರು ವರ್ಷ ಹಿಂದಿನ ಸಾಲಿನ್ಯಾಗ ಕುಣದು ಕುಣದು ಸಿಕ್ಕ ಜಾಗ. "ಫೋನ್ ಎಲ್ಲಾ ನನ್ನ ಚೀಲದಾಗ ಹಾಕ್ರಿ" ಅಂದಿ. ಹಾಕಿದ್ವಿ. ಅಲ್ಲಿ ಹಳಿಯಾಳದ ದವಾಖಾನಿಯಿಂದ ನಮ್ಮಣ್ಣ ಹನ್ನೊಂದು ಸಲ ಹಚ್ಚಿದ. ಹನ್ನೊಂದು ಸಲಾನೂ ಸ್ವಿಚ್ ಆಫ್! ಕುಣದು, ಬೆವರು ಒರಸ್ಕೊಂಡು, ನಿನ್ನ ಚೀಲದಿಂದ ಫೋನ್ ತೊಗೊಂಡು ಚಾಲೂ ಮಾಡಿದ್ರ... ಅವ್ವ ಹೋಗಿ ಒಂದು ತಾಸಾಗಿತ್ತು.

ಹಬ್ಬ ಕೆಡಬಾರದಂತ ನೀ ಬಂದ್ ಮಾಡಿದಿ. ಎಲ್ಲರಿಗೂ ಹೇಳಿದೆ ನಾ. ನಮ್ಮ ರೂಮಿನ್ಯಾಗ, ಲಾಂಡ್ರಿಯೊಳಗ ಇಸ್ತ್ರಿ ಮಾಡ್ಕೋತ, ಚರ್ಚಿನ ಮೆಟ್ಟಿಲ ಮ್ಯಾಲ... ಸಿಕ್ಕಸಿಕ್ಕವರಿಗೆ. ನಮ್ಮ ಹೆಂಗಸರು ತಮ್ಮ ಹುಡುಗ್ಯಾರನ್ನ ನಿನ್ನ ತಂಡ ಬಿಡಿಸಿದ್ರು. ಮರುವರ್ಷ ನೀ ಒಬ್ಬಾಕಿನ ಕೊರಳಿಗೆ ಡೋಲು ಹಾಕ್ಕೊಂಡು ನಿಂತಿ. ಕುಣಿಯಾಕ ಒಬ್ಬ ಸಿದ್ದಿನೂ ಇಲ್ಲ! ಕಡೀ ಸಾಲಿನ್ಯಾಗ ಕುಂತು ಕಣ್ತುಂಬ ನೋಡಿದೆ. ಹೊಟ್ಟಿ ತಣ್ಣಗಾತು.

ಆದ್ರ ಪೂರ್ತಿ ಆಗಲಿಲ್ಲ. ಯಾಕಂದ್ರ ನೀ ಅಳಲಿಲ್ಲ. ಜಗಳಕ್ಕೂ ಬರಲಿಲ್ಲ. ಒಂದ ಒಂದು ಮಾತು ಆಡಲಿಲ್ಲ! ಈಗಲೂ ನೋಡು, ಹೆಂಗ ನಿಂತಿ. ಸುಳ್ಳು ಅನ್ನು. ತಪ್ಪಾತು ಅನ್ನು. ಏನರ ಅನ್ನು!

ನಾ ಕೊಡೂವಾಗ ಫೋನ್ ಚಾಲೂ ಇತ್ತು.

...ಇತ್ತು.

ಯಾಕ ಹಂಗ ನೋಡ್ತಿ? ಇತ್ತಂದ್ರ ಇತ್ತು! ಅಷ್ಟೊಂದು ಫೋನಿನ್ಯಾಗ ನಂದೊಂದು ಹೆಂಗಿತ್ತಂತ ನಿನಗೇನು ಗೊತ್ತು? ನೀ ಏನು ಒಂದೊಂದೂ ನೋಡಿ ಹಾಕ್ಕೊಂಡಿ...

ನೋಡಿದ್ದೇನು?

ಕಣ್ಣು ಕೆಳಗ ಹಾಕಬ್ಯಾಡ. ನನ್ನ ನೋಡು. ಅಕ್ಕಾ... ನನ್ನ ಕೈಯಿಂದ ತೊಗೋಳೂವಾಗನ ಬಂದ್ ಐತಿ ಅಂತ ನೋಡಿದ್ದೇನು?

...ಅಯ್ಯ ದೇವರ.

ಹಂಗಾರ ಇಷ್ಟು ವರ್ಷ... ಎಲ್ಲಾ ಗೊತ್ತಿದ್ದೂ! ಒಂದು ಮಾತು ಸಾಕಿತ್ತಲ್ಲ. "ಎಲ್ಸಿನ ಬಂದ್ ಮಾಡಿ ಕೊಟ್ಲು" ಅಂತ ಒಂದು ಮಾತು. ಖಲಾಸ್, ನನ್ನ ಮಾರಿ ಯಾರು ನೋಡ್ತಿದ್ರು? ಯಾಕ ಹೇಳಲಿಲ್ಲ? ತಾಯಿ ಸತ್ತಾಕಿ ಅಂತೇನು? ಕನಿಕರಾನ? ಬ್ಯಾಡಾಗಿತ್ತು ನನಗ ನಿನ್ನ ಕನಿಕರ!

ಅವ್ವಂದು ಕಡೀ ಹೊತ್ತು ಅಂತ ನಿನಗ ತಿಳಿಸಿದ್ರ ನೀ ಕುಣಿಯಾಕ ಬಿಡತಿದ್ದಿಲ್ಲ. ನಿಂತ ಕಾಲಿನ್ಯಾಗ ವಿಮಾನ ಹತ್ತಿಸ್ತಿದ್ದಿ. ಅದು ಗೊತ್ತಿತ್ತು ನನಗ. ಅದಕ್ಕ... ಆ ಜಾಗ ಮತ್ತೊಬ್ಬಾಕಿಗೆ ಹೋಗ್ತಿತ್ತು. ಅದಕ್ಕ ಅಕ್ಕಾ.

ಕೂಗಾಕತ್ತಾರ. ನನ್ನ ಹೆಸರ ಕೂಗಾಕತ್ತಾರ, ಕೇಳ್ತಿಲ್ಲೇನು? ಕೂಗಲಿ. ಇವತ್ತು ಹೇಳ್ತೀನಿ. ಎಲ್ಲರ ಮುಂದ, ಖರೇದ ಹೇಳ್ತೀನಿ. ಕೈ ಬಿಡು... ಬ್ಯಾಡ ಅಂತ ತಲಿ ಅಲ್ಲಾಡಸಬ್ಯಾಡ, ಸಾಕು ನೀ ಹೊತ್ತಿದ್ದು.

ಆದ್ರ ಒಂದು ನಿನಗೂ ಗೊತ್ತಿಲ್ಲ. ಆ ಹನ್ನೊಂದಕ್ಕೂ ಮೊದಲ, ಫೋನ್ ನಿನಗ ಕೊಡೂಕಿಂತ ಮುಂಚೆ, ಅಣ್ಣಂದೊಂದು ಫೋನ್ ಬಂದಿತ್ತು, ಅದನ್ನ ನಾ ಎತ್ತಿದ್ದೆ. ಬಾತ್‌ರೂಮಿನ್ಯಾಗ ನಿಂತು. ಅವ ಫೋನ್ ಅವ್ವನ ಕಿವಿಗೆ ಹಿಡದಿದ್ದ. ಬಾ ಅನ್ನಲಿಲ್ಲಕ್ಕಾ ಆಕಿ. ಅಳಲೂ ಇಲ್ಲ. "ಇವತ್ತು ನೀ ಮುಂದ ಅಂತಲ್ಲವಾ, ಡೋಲಿನ ಸಪ್ಪಳ ಒಂದೀಟು ಕೇಳಸ" ಅಂದ್ಲು. ಹೊರಗ ನೀ ತಾಲೀಮಿಗೆ ಡೋಲು ಬಾರಿಸಾಕತ್ತಿದ್ದಿ. ನಿನಗ ತಿಳದೀತಂತ ಫೋನ್ ಬಂದ್ ಮಾಡಿಬಿಟ್ಟೆ. ಬಾಗಿಲು ತೆಗದಿದ್ರ ಸಾಕಿತ್ತು...