ಮೂರನೇ ಪಿನ್ನು ಇಲ್ಲದ ಡಬ್ಬಿ

ಲೈಟು ಆರಿಸಬೇಡ, ಇರಲಿ. ಇದು ಯಾರೋ ಹೇಳಿದ ಕತೆಯಲ್ಲ. ನಮ್ಮ ಚಿಕ್ಕಮ್ಮನ ಮಗ ಮನೋಹರನಿಗೆ ಆಗಿದ್ದು, ಹೋದ ಶಿವರಾತ್ರಿ ಕಳೆದ ಮೇಲೆ. ಆಮೇಲೆ ಹೆಣಕ್ಕೆ ಹೆಗಲು ಕೊಟ್ಟವನು ನಾನೇ.

ಮನೋಹರ ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾಡುವವನು. ತೆಳು ಹಲಗೆ ಕೊರೆಯೋಕೆ ಅಂತ ಮನೇಲೇ ಒಂದು ಲೇಸರ್ ಕಟರ್ ಕಟ್ಟುತ್ತಿದ್ದ. ಚೌಕಟ್ಟು ಆಯ್ತು, ಮೋಟರ್ ಆಯ್ತು, ಗಾಜಿನ ಟ್ಯೂಬೂ ಬಂತು. ಉಳಿದಿದ್ದು ಪವರ್ ಸಪ್ಲೈ. ಮನೆ ಕರೆಂಟನ್ನು ಸಾವಿರಾರು ವೋಲ್ಟಿಗೆ ಏರಿಸಿ ಟ್ಯೂಬಿಗೆ ಕೊಡುವ ತಗಡಿನ ಡಬ್ಬಿ ಅದು. ನಿನ್ನ ಟ್ಯೂಬು ನಲವತ್ತು ವ್ಯಾಟಿಂದು, ಅದಕ್ಕೆ ಹೊಂದೋ ಹೊಸದನ್ನೇ ತರಿಸು ಅಂತ ಬಡ್ಕೊಂಡೆ. ಕೇಳಲಿಲ್ಲ. ಸಾತನೂರು ರಸ್ತೆಯ ಅನಂತರಾಜು ತನ್ನ ಹಲಗೆ ಕೊರೆಯುವ ಶೆಡ್ಡಿನಲ್ಲಿದ್ದ ಹಳೇ ಎಂಬತ್ತು ವ್ಯಾಟಿನದನ್ನು ಬಿಟ್ಟಿ ಕೊಡ್ತೀನಿ ಅಂದಿದ್ದ.

ಬಿಟ್ಟಿ ಯಾಕೆ ಅಂತ ನನಗೆ ಗೊತ್ತಿತ್ತು. ಆ ಡಬ್ಬಿ ಮುಟ್ಟಿಯೇ ಶೆಡ್ಡಿನ ಕೆಲಸಗಾರ ಲಕ್ಷ್ಮಯ್ಯ ಸತ್ತಿದ್ದು, ಅದರ ಹಿಂದಿನ ವರ್ಷ. ಅನಂತರಾಜು ಊರಿಗೂ ಲಕ್ಷ್ಮಯ್ಯನ ಹೆಂಡತಿ ಗಂಗಲಕ್ಷ್ಮಮ್ಮನಿಗೂ ಹೇಳಿದ್ದು ಒಂದೇ ಮಾತು. ಕುಡಿದು ಬಂದು ಕೈ ಇಟ್ಟ. ಲಕ್ಷ್ಮಯ್ಯನೋ, ಹೆಂಡದಂಗಡಿ ಮುಂದೆ ಮೂಗು ಮುಚ್ಚಿಕೊಂಡು ಹೋಗುವ ಆಸಾಮಿ. ಆದರೂ ಊರು ನಂಬಿತು. ಯಾಕಂದರೆ ಆಗ ಅವನ ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ ನಮ್ಮ ಮನೋಹರ ಹೌದು ಅಂತ ತಲೆ ಆಡಿಸಿದ್ದ. ನಮ್ಮವನೇ ಇರಬಹುದು, ಆದರೂ ಅದು ಸುಳ್ಳು. ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಆ ರಾತ್ರಿ ಡಬ್ಬಿಯನ್ನು ಚೀಲದಲ್ಲಿ ಹೆಗಲಿಗೆ ಹಾಕಿಕೊಂಡು ಮನೆಗೆ ನಡೆದು ಬರುತ್ತಿದ್ದ. ಹಾಳುಬಾವಿ ಹತ್ತಿರ ಬಂದಾಗ... ಪಚಕ್. ಪಚಕ್. ಒದ್ದೆ ಪಾದದ ಸದ್ದು, ಬೆನ್ನ ಹಿಂದೆ. ದಾರಿಯೆಲ್ಲ ಒಣ ಧೂಳು. ಇವನು ನಿಂತ. ಅದೂ ನಿಂತಿತು. ಲಕ್ಷ್ಮಯ್ಯ ಸತ್ತಾಗ ಶೆಡ್ಡಿನ ನೆಲ ತೊಳೆದು ಬರಿಗಾಲಲ್ಲಿ ನಿಂತಿದ್ದ.

ಆಮೇಲೆ ಚೀಲದೊಳಗೆ ಶುರುವಾಯಿತು. ಕುಂಯ್ಯ್... ಸೊಳ್ಳೆ ಕಿವಿಗೆ ಬಂದ ಹಾಗೆ. ಹಿಂದೆಯೇ ಟಿಕ್... ಟಿಕ್... ಡಬ್ಬಿಗೆ ಎಲ್ಲಿಂದಲೂ ಕರೆಂಟು ಇರಲಿಲ್ಲ.

“ಪಿನ್ ನೋಡ್ಲಾ.” ಪಿಸುದನಿ. ಲಕ್ಷ್ಮಯ್ಯನದೇ.

ಮನೋಹರ ಮೊಬೈಲ್ ಬೆಳಕು ಬಿಟ್ಟು ಪ್ಲಗ್ ನೋಡಿದ. ಎರಡೇ ಪಿನ್ನು. ಮೂರನೆಯದನ್ನು, ಅರ್ಥಿನ ದಪ್ಪ ಪಿನ್ನನ್ನು, ಗರಗಸದಿಂದ ಕುಯ್ದು ತೆಗೆದಿದ್ದರು. ಶೆಡ್ಡಿನ ಬೋರ್ಡಿಗೆ ಇದ್ದಿದ್ದು ಎರಡೇ ತೂತು, ಅದಕ್ಕೆ. ಅರ್ಥ್ ಕೊಟ್ಟಿದ್ದರೆ ಸೋರಿದ ಕರೆಂಟು ನೆಲಕ್ಕೆ ಹೋಗುತ್ತಿತ್ತು. ಕೊಡದೇ ಇದ್ದಿದ್ದಕ್ಕೆ ಲಕ್ಷ್ಮಯ್ಯನ ಮೈಯೊಳಗೆ ಹೋಯಿತು.

“ನಾನ್ ಕುಡ್ದಿದ್ನಾ?”

“ಇಲ್ಲ ಕಣಣ್ಣ...”

“ಅದ ಯಾರ್ಗೆ ಹೇಳ್ದೆ?”

ಮನೋಹರ ಪ್ಲಗ್ಗನ್ನು ಚೀಲದೊಳಕ್ಕೆ ತುರುಕಿದ.

“ಇದ್ನ ಮನೇಗ್ ಒಯ್ದ್ರೆ ನೀನೂ ನನ್ನಂಗೇ ಹೋಯ್ತೀಯ. ವಾಪಸ್ ತಕ್ಕೊಂಡೋಗು... ಅವನ್ ಮುಂದೇ ಇಡು.”

ಓಡಿದ. ಅನಂತರಾಜು ಶೆಡ್ಡಿನಲ್ಲೇ ಇದ್ದ. ಹಣೆ ತುಂಬ ವಿಭೂತಿ, ಟೀ ಕೂಡ ಮುಟ್ಟದ ಮನುಷ್ಯ. ಮನೋಹರ ಡಬ್ಬಿಯನ್ನು ಮೇಜಿನ ಮೇಲಿಟ್ಟು ಏದುಸಿರಲ್ಲೇ ಹೇಳಿದ. “ಪಿನ್ ಕುಯ್ದೋನು ನೀನು. ಲಕ್ಷ್ಮಯ್ಯ ಕುಡ್ದಿರ್ನಿಲ್ಲ. ಗಂಗಲಕ್ಷ್ಮಮ್ಮಂಗೆ ಹೇಳ್ಬುಡ್ತೀನಿ.”

ಅನಂತರಾಜು ನಕ್ಕ. “ಸತ್ತೋನ್ಗೆ ಎಂತಾ ಮಾನ ಐತ್ಲಾ? ಈ ಡಬ್ಬೀಲಿ ಏನೈತೆ, ನೋಡು.” ಒಂದು ಕೈಯಲ್ಲಿ ಪ್ಲಗ್ ಎತ್ತಿ ತೋರಿಸುತ್ತಲೇ ಇನ್ನೊಂದು ಅಂಗೈಯನ್ನು ತಗಡಿನ ಮೇಲೆ ಊರಿದ.

ಟಪ್.

ಒಣ ಕಡ್ಡಿ ಮುರಿದ ಹಾಗೆ, ಒಂದೇ ಸದ್ದು. ಅನಂತರಾಜು ನಿಂತಲ್ಲೇ ಕುಸಿದ. ಪ್ಲಗ್ ಇನ್ನೂ ಅವನ ಕೈಯಲ್ಲೇ ಇತ್ತು.

ಇಂಥ ಡಬ್ಬಿಗಳು ಆರಿಸಿದ ಮೇಲೂ ಸ್ವಲ್ಪ ಹೊತ್ತು ಕರೆಂಟು ಹಿಡಿದಿಟ್ಟುಕೊಳ್ಳುತ್ತವೆ, ನಿಜ. ವರ್ಷಗಟ್ಟಲೆ ಇಟ್ಟುಕೊಳ್ಳುತ್ತವಾ ಅಂತ ಎಲೆಕ್ಟ್ರಿಷಿಯನ್ ಗೌಸ್‌ನನ್ನು ಕೇಳಿದೆ. ಇಲ್ಲ ಅಂದ. ಗಾಡಿ ಹತ್ತಿ ಹೊರಟುಹೋದ.

ಬೆಳಕು ಹರಿಯುವ ಮೊದಲೇ ಮನೋಹರ ಗಂಗಲಕ್ಷ್ಮಮ್ಮನ ಬಾಗಿಲಲ್ಲಿ ಕೂತು ಎಲ್ಲ ಹೇಳಿದ. ಆಕೆ ಪೂರ್ತಿ ಕೇಳಿಸಿಕೊಂಡಳು. ಬಾಗಿಲು ಹಾಕಿಕೊಂಡಳು. ಸರಿಯಾಗೇ ಮಾಡಿದಳು ಅಂತೀನಿ ನಾನು. ಇವನು ಈಗ ನಲವತ್ತು ವ್ಯಾಟಿನ ಹೊಸ ಸಪ್ಲೈ ತರಿಸಿದ್ದಾನೆ, ಮೂರು ಪಿನ್ನಿನದು. ಮನೆ ಹಿಂದಿನ ಅರ್ಥ್ ಗುಂಡಿಗೆ ದಿನಾ ಬೆಳಿಗ್ಗೆ ಒಂದು ಬಿಂದಿಗೆ ನೀರು ಹೊಯ್ಯುತ್ತಾನೆ.

ನಂಬಿದರೆ ನಂಬು, ಬಿಟ್ಟರೆ ಬಿಡು. ಇಲ್ಲೀತನಕ ಮನೋಹರ ಹೇಳಿದ್ದು, ಇನ್ನು ನಾನೇ ಕಂಡಿದ್ದು ಹೇಳ್ತೀನಿ. ಅನಂತರಾಜುವಿನ ಚಟ್ಟ ಎತ್ತುವಾಗ ತಲೆ ಕಡೆಯ ಹೆಗಲು ನನ್ನದು. ಸ್ನಾನ ಮಾಡಿಸಿ, ವಿಭೂತಿ ಬಳಿದು, ಊದುಬತ್ತಿ ಹಚ್ಚಿದ್ದರು. ಆದರೂ ಅವನ ಬಾಯಿಂದ ಹೆಂಡದ ವಾಸನೆ ಗಮ್ ಅಂತ ಹೊಡೆಯುತ್ತಿತ್ತು. ನನ್ನೊಬ್ಬನ ಮೂಗಿಗಲ್ಲ. ಹಿಂದೆ ಬರುತ್ತಿದ್ದವರು ಆಗಲೇ ಮಾತಾಡಿಕೊಳ್ಳುತ್ತಿದ್ದರು...

“ಕುಡ್ದು ಬಂದು ಕೈ ಮಡಗವ್ನೆ ಕಣ್ಲಾ.”