ಕೈ ಇಳಿಸ್ಲಾ?

ನಮ್ಮ ಪಕ್ಕದ ಮನೆ ಪೇಂಟರ್‌ಗೆ ಆದದ್ದು ಇದು. ನಗೋರು ನಗಲಿ, ನಾನು ಕಂಡಷ್ಟು, ಕೇಳಿದಷ್ಟು ಹೇಳ್ತೀನಿ.

ಅವತ್ತು ಔಷಧಿ ಅಂಗಡಿ ಬೋರ್ಡ್ ಬರೆದು ಮುಗಿಸಿ ಅವನು ಮನೆಗೆ ಹೊರಟಾಗ ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಹಾಳು ಬಾವಿ ದಾಟುವಾಗ ಬೆನ್ನ ಹಿಂದೆ ಸದ್ದು... ಲಟ್... ಲಟ್... ಯಾರೋ ಒಂದೊಂದೇ ಬೆರಳಿನ ನೆಟಿಕೆ ಮುರಿದ ಹಾಗೆ. ತಿರುಗಿದ. ಯಾರೂ ಇಲ್ಲ. ಅವನ ಹೆಂಡತಿಗೆ ಆ ಅಭ್ಯಾಸವಿತ್ತು. ಆದರೆ ಅವಳು ಸತ್ತು ಒಂದೂವರೆ ತಿಂಗಳಾಗಿತ್ತು.

ಪೇಂಟರ್‌ಗೆ ಅಕ್ಷರ ನೀರು ಕುಡಿದಷ್ಟು ಸಲೀಸು. ಮನುಷ್ಯರು ಮಾತ್ರ ಕೈಗೆ ಹತ್ತುತ್ತಿರಲಿಲ್ಲ. ಒಮ್ಮೆ ಕ್ಷೌರದಂಗಡಿಗೆ ಗಿರಾಕಿಯ ಚಿತ್ರ ಬರೆದುಕೊಟ್ಟಾಗ, "ಇದೇನಪ್ಪಾ, ಕೈಯೋ ಬಾಳೆಹಣ್ಣಿನ ಚಿಪ್ಪೋ?" ಅಂತ ಬೀದಿಯೆಲ್ಲ ನಕ್ಕಿತ್ತು. ಆ ನಗು ಮುಳ್ಳಾಗಿ ಒಳಗೇ ಉಳಿಯಿತು. ಕಲಿಸೋಕೆ ಗುರುವಿಲ್ಲ. ಮನೆಯಲ್ಲಿ ಹೆಂಡತಿ ಇದ್ದಳು. ದಿನಾ ಊಟವಾದ ಮೇಲೆ ಅವಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಬಲಗೈ ಮೇಲೆತ್ತಿಸೋನು. ಕೈ ಎತ್ತಿದಾಗ ಹೆಗಲ ಮೂಳೆ ಎಲ್ಲಿಗೆ ಸರಿಯುತ್ತೆ, ಪಕ್ಕೆ ಹೇಗೆ ಬಿಗಿಯುತ್ತೆ, ಕತ್ತಿನ ನರ ಎಲ್ಲಿ ಏಳುತ್ತೆ... ಇದ್ದಲು ಹಿಡಿದು ಗಂಟೆಗಟ್ಟಲೆ ನೋಡೋನು.

"ರೀ... ಕೈ ಇಳಿಸ್ಲಾ?"

"ತಡಿಯೇ. ಇನ್ನೊಂದು ಗಳಿಗೆ."

ಅವನ ಗಳಿಗೆ ಮುಗಿಯೋದೇ ಇಲ್ಲ. ಜ್ವರ ಬಂದ ದಿನವೂ ನಿಲ್ಲಿಸಿದ. ಮೈ ಕೆಂಡದ ಹಾಗೆ ಸುಡುತ್ತಿತ್ತು. ಒಂದು ಲೋಟ ನೀರು ಕುಡಿದು ಬರ್ತೀನಿ ಅಂದಳು. "ಬೆರಳಷ್ಟೇ ಬಾಕಿ," ಅಂದ. ಅಲ್ಲೇ ಕುಸಿದಳು. ಮೂರನೇ ದಿನ ಹೋಗಿಬಿಟ್ಟಳು. ಚಿತ್ರ ಅರ್ಧಕ್ಕೆ ನಿಂತಿತು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಸಂಕಟವೋ, ಅವನಿಗೇ ಗೊತ್ತಿರಲಿಲ್ಲ.

ಅವತ್ತು ಬಾವಿಯ ಕಡೆಯಿಂದ ಏದುಸಿರು ಬಿಡುತ್ತಾ ಬಂದು ಬೀಗ ತೆಗೆದ. ದೀಪ ಹಾಕಿದ. ಗೋಡೆಯ ಹತ್ತಿರ... ಅದೇ ಜಾಗದಲ್ಲಿ... ನಿಂತಿದ್ದಳು. ಬೆನ್ನು ಇತ್ತ. ಬಲಗೈ ಮೇಲೆ.

"ರೀ..." ಉಸಿರಿಗಿಂತ ಸಣ್ಣ ದನಿ. "ಕೈ ಇಳಿಸ್ಲಾ?"

ಬೇರೆಯವರಾಗಿದ್ದರೆ ಕಿರುಚಿ ಓಡುತ್ತಿದ್ದರು. ಇಲ್ಲವೇ ಕಾಲಿಗೆ ಬಿದ್ದು ಅಳುತ್ತಿದ್ದರು. ಇವನ ಕಣ್ಣು ಹೋಗಿ ಆ ಬೆರಳುಗಳ ಮೇಲೆ ಕೂತಿತು.

"ತಡಿ," ಅಂದ. ಇದ್ದಲು ಹುಡುಕಿದ.

ಚಿತ್ರ ಮುಗಿಯಿತು. ಬಾಳೆಹಣ್ಣು ಅಂದ ಬಾಯಿಗಳೇ ಬಂದು, "ನಮಗೂ ಒಂದು ಬರೆದುಕೊಡಪ್ಪಾ," ಅಂದವು. ಅವಳು ದಿನಾ ಬಂದಳು, ಅವನು ಹೊಸ ಹೊಸ ಚಿತ್ರ ಶುರು ಮಾಡಿದ. ದಿನಾ ಕೇಳಿದಳು. ಇಳಿಸು ಅಂದುಬಿಟ್ಟರೆ ನಾಳೆ ಬರದೇ ಹೋದರೆ? ಅವನು ಅನ್ನಲಿಲ್ಲ.

ಹೀಗಿರುವಾಗ ಮಗಳ ಸೀರೆಗಳನ್ನು ಒಯ್ಯಲು ಅತ್ತೆ ಬಂದರು. ಒಂದು ರಾತ್ರಿ ಉಳಿದರು. ನಡುರಾತ್ರಿ ಎಚ್ಚರವಾಯಿತು. ಕಾಗದದ ಮೇಲೆ ಇದ್ದಲು... ಸರ್... ಸರ್... ಆಮೇಲೆ ಆ ದನಿ. ಹೆತ್ತವಳಿಗೆ ಗುರುತು ಸಿಗದೇ ಇರುತ್ತಾ? ಎದ್ದು ಬಾಗಿಲಿಗೆ ಬಂದರು. ನೋಡಿದರು.

"ಅಳಿಯಂದ್ರೇ... ಎಷ್ಟು ದಿನದಿಂದ?"

"ಮೆಲ್ಲಗೆ ಅತ್ತೆ. ಹೋಗಿಬಿಡ್ತಾಳೆ."

"ನೀನು ಮನುಷ್ಯನೇನೋ?"

ಆಕೆ ಗೋಡೆಯ ಹತ್ತಿರ ಹೋದರು. ಮಗಳನ್ನು ಮುಟ್ಟಲು ಧೈರ್ಯ ಬರಲಿಲ್ಲ. "ಸಾಕು ಮಗಳೇ... ಇಳಿಸು. ನಾನು ಹೇಳ್ತಿದ್ದೀನಿ, ಇಳಿಸಮ್ಮಾ."

ಲಟ್... ಹೆಗಲಿನ ಸದ್ದು, ಒಂದೇ ಸಲ. ಕೈ ಕೆಳಗೆ ಬಂತು. ಆಮೇಲೆ ಅಲ್ಲಿ ಬರೀ ಗೋಡೆ.

ಬೆಳಗಿನವರೆಗೂ ಇಬ್ಬರೂ ಕೂತಲ್ಲೇ ಕೂತಿದ್ದರು. ಅವನು ಒಮ್ಮೆ ಮಾತ್ರ ಬಾಯಿಬಿಟ್ಟ. "ಪಾದ ಇನ್ನೂ ಬರೆದಿರಲಿಲ್ಲ, ಅತ್ತೆ." ಬೆಳಕು ಹರಿದಾಗ ಆಕೆ ಎದ್ದು ಅಡುಗೆಮನೆಗೆ ಹೋದರು.

ಅವಳು ಮತ್ತೆ ಬರಲಿಲ್ಲ. ಅವನು ಯಾರ್ಯಾರನ್ನೋ ನಿಲ್ಲಿಸಿ ಬರೆದು ನೋಡಿದ, ಒಂದೂ ಮನುಷ್ಯರ ಹಾಗೆ ಕಾಣಲಿಲ್ಲ. ಈಗ ಅಕ್ಷರವನ್ನಷ್ಟೇ ಬರೀತಾನೆ.

ಮಗಳು ಕೈ ಇಳಿಸಿದ ಮರುಬೆಳಿಗ್ಗೆ ಅವನ ಅತ್ತೆ ನನ್ನನ್ನು ಕರೆದು ಅಡುಗೆಮನೆ ತೋರಿಸಿದರು. ಕುಡಿಯುವ ನೀರಿನ ಬಿಂದಿಗೆಯನ್ನು ಹಿಂದಿನ ಸಂಜೆ ಕಂಠದವರೆಗೂ ತುಂಬಿಸಿಕೊಟ್ಟವಳು ನಾನೇ. ಈಗ ತಳ ಕಾಣುತ್ತಿತ್ತು. ಪಕ್ಕದಲ್ಲಿ ಬೋರಲು ಹಾಕಿದ ಲೋಟ. ಮುಟ್ಟಿ ನೋಡಿದೆ... ಇನ್ನೂ ಒದ್ದೆ ಇತ್ತು. ಈ ಕೈಯಿಂದಲೇ ಮುಟ್ಟಿದ್ದೀನಿ.